ಇಲ್ಲಿಗೆ ನಮ್ಮ ನೆರವು ಬೇಕಿಲ್ಲ

ಸಮಾಜಕಾರ್ಯಕರ್ತೆ ಓಣಿಗೆ ಕಾಲಿಟ್ಟಾಗ ಹಾಲಿನ ಗಾಡಿ ಹೋಗಿಯಾಗಿತ್ತು. ಅವಳು ನೋಡಿಕೊಳ್ಳುತ್ತಿದ್ದ ಮನೆಯ ಸೊಸೆ ಕೊಟ್ಟಿಗೆಯ ಬಾಗಿಲಲ್ಲಿ ಕೆಚ್ಚಲಿಗೆ ಸವರಿದ ಎಣ್ಣೆ ಹತ್ತಿದ ಕೈಯನ್ನು ಬೂದಿಯಲ್ಲಿ ಉಜ್ಜಿ ತೊಳೆಯುತ್ತಿದ್ದಳು. ಅವಳಿಗೆ ಮೂರ್ಛೆ ರೋಗ. ಗಂಡ ತೀರಿಕೊಂಡ ಮೇಲೆ ಪರರ ದನ ಕರೆದು, ಕಣ್ಣು ಮಂಜಾದ ಅತ್ತೆಯನ್ನೂ ಗುಬ್ಬಿ ಎಂಬ ಐದು ವರ್ಷದ ಮಗಳನ್ನೂ ಸಾಕುತ್ತಿದ್ದಳು. ಗುಬ್ಬಿ ಈ ಮನೆಯಲ್ಲಿ ಉಳಿಯಬೇಕೋ, ಮಕ್ಕಳ ನಿಲಯಕ್ಕೆ ಹೋಗಬೇಕೋ ಎಂಬುದನ್ನು ಮಕ್ಕಳ ಪೀಠ ಅಂದು ಮಧ್ಯಾಹ್ನ ತೀರ್ಮಾನಿಸುವುದಿತ್ತು.

"ಬಂದ್ರಾ ತಾಯಿ," ಎಂದಳು ಅತ್ತೆ, ಹೆಜ್ಜೆಯ ಸಪ್ಪಳಕ್ಕೇ ಗುರುತು ಹಿಡಿದು. "ನಿಮ್ಮ ಚಪ್ಪಲಿ ಸವೆದಿದ್ದೆಲ್ಲ ನಮ್ಮ ಹೊಸ್ತಿಲಲ್ಲೇ. ಇವತ್ತೊಂದು ದಿನ ಆ ದೊಡ್ಡೋರ ಮುಂದೆ ಗಟ್ಟಿಯಾಗಿ ಬಾಯಿ ಬಿಡಿ."

ಕಾರ್ಯಕರ್ತೆ ಹೂಂ ಎಂದಳು. ಬಾಯಿ ಬಿಟ್ಟರೇ ಕಷ್ಟ ಎಂದು ಮುದುಕಿಗೆ ಹೇಗೆ ಹೇಳುವುದು? ಹಿಂದಿನ ಸಂಜೆಯಷ್ಟೇ ಅವಳ ಕಚೇರಿಯ ಮೇಲ್ವಿಚಾರಕ ಬಿಡಿಸಿ ಹೇಳಿದ್ದ: "ಆಸ್ಪತ್ರೆ ಕೇಳೋದು ಕಾಯಿಲೆ ಇದೆಯೋ ಇಲ್ವೋ ಅಂತ. ಶಾಲೆ ಕೇಳೋದು ಮಗು ಬಂತೋ ಇಲ್ವೋ. ಪೀಠಕ್ಕೆ ಕಾನೂನಿಗೆ ಹೊಂದಿದ್ರೆ ಆಯ್ತು. ಯಾರಿಗೂ ಇಡೀ ಹೆಂಗಸು ಕಾಣಲ್ಲ. ನಮಗೆ ಕಾಣ್ತಾಳೆ ಅಂತ ಬೀಗಬೇಡ ತಂಗಿ, ನಮಗೂ ಗೊತ್ತಿರೋದು ಎರಡೇ ಮಾತು. ನೆರವು ಬೇಕು, ಬೇಡ. ಬೇಕು ಅಂದ್ಯೋ, ತನ್ನ ಕಾಲ ಮೇಲೆ ನಿಲ್ಲದ ಮನೆ ಅಂತ ಪೀಠ ಮಗೂನ ಕರ್ಕೊಂಡು ಹೋಗತ್ತೆ. ಬೇಡ ಅಂದ್ಯೋ, ಪ್ರಕರಣ ಮುಗೀತು. ನಾಳೆಯಿಂದ ನೀನು ಆ ಹೊಸ್ತಿಲು ತುಳಿಯೋ ಹಾಗಿಲ್ಲ."

ತಪ್ಪು ಅವಳದೇ. ಹದಿನೈದು ದಿನಕ್ಕೊಮ್ಮೆ ಹೋದರೆ ಸಾಕಿತ್ತು. ಅವಳು ದಿನ ಬಿಟ್ಟು ದಿನ ಬಂದಳು. ಗುಬ್ಬಿಯ ಜಡೆ ಹಾಕಲೂ ಬಂದಳು, ಸುಮ್ಮನೆ ಕೂತು ಮಾತಾಡಲೂ ಬಂದಳು. ಪ್ರೀತಿಗೆ ಬಂದದ್ದೂ ಭೇಟಿಗಳ ಲೆಕ್ಕಕ್ಕೆ ಸೇರಿ, ಪೀಠದ ಕಣ್ಣಿಗೆ ಮನೆಯ ಕೊರತೆಯಾಗಿತ್ತು.

ಬೇಡ ಎಂದುಬಿಡಬಹುದು. ಆದರೆ ಒಲೆಯ ಮುಂದೆ ಸೊಸೆ ಬಿದ್ದರೆ? ಕಾರ್ಯಕರ್ತೆ ಎದುರುಮನೆಯ ಹೊಲಿಗೆಯವಳ ಬಾಗಿಲಿಗೆ ಹೋದಳು.

"ಮೊದಲು ಅವಳು ಬಿದ್ದಾಗ ಓಡಿ ಹೋಗ್ತಿದ್ದದ್ದು ನಾನೇ," ಎಂದಳು ಹೊಲಿಗೆಯವಳು, ಮಿಷನ್ ತುಳಿಯುವುದನ್ನು ನಿಲ್ಲಿಸದೆ. "ಮಗ್ಗುಲಿಗೆ ಹೊರಳಿಸಿ ಕೂತಿರ್ತಿದ್ದೆ. ಆಮೇಲೆ ನೀವು ಬಂದ್ರಿ, ಕೊರಳಲ್ಲಿ ಕಾರ್ಡು ನೇತಾಕ್ಕೊಂಡು. ಒಂದಿನ ನನ್ನನ್ನೇ ನಿಲ್ಲಿಸಿ, ಎಷ್ಟು ಹೊತ್ತು ಬಿದ್ದಿದ್ಲು, ಮಾತ್ರೆ ಯಾರು ಕೊಟ್ರು ಅಂತ ಪೊಲೀಸರ ಥರ ಕೇಳಿದ್ರಿ. ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನ ಕೊರಳಿಗೇ ತಾನೇ? ಬಲ್ಲೋರು ಬಂದಿದ್ದಾರೆ, ನಮಗ್ಯಾಕೆ ಅಂತ ಇಡೀ ಓಣಿ ಹಿಂದೆ ಸರೀತು."

"ನಾಳೆಯಿಂದ ನಾನು ಬರಲ್ಲ. ನೀವು ಹೋಗ್ತೀರಾ?"

ಹೊಲಿಗೆಯವಳು ದಾರ ಕಚ್ಚಿ ಕತ್ತರಿಸಿದಳು. "ಕರೀದೆ ಹೋಗೋಕೆ ನಾನೇನು ಬೆಕ್ಕಾ? ಅವಳು ಬಾಗಿಲು ತೆಗೆಯೋದು ನಿಮಗೊಬ್ಬರಿಗೇ."

ಹೋಗುತ್ತೇನೆ ಎನ್ನಲಿಲ್ಲ. ಹೋಗುವುದಿಲ್ಲ ಎಂದೂ ಅನ್ನಲಿಲ್ಲ.

ಪೀಠದ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಅತ್ತೆಯ ಪಕ್ಕದಲ್ಲಿ ಸೊಸೆ ಗುಬ್ಬಿಯನ್ನು ತೊಡೆಗೆ ಒತ್ತಿಕೊಂಡು ಕೂತಿದ್ದಳು. ವೈದ್ಯರ ಮಾತು, ಶಾಲೆಯ ಮಾತು ಓದಿಯಾಯಿತು. ಪೀಠದ ಹಿರಿಯರು ಕನ್ನಡಕ ತೆಗೆದು ಕೇಳಿದರು:

"ನೀವು ಹೋಗದಿದ್ರೆ ಈ ಮನೆ ನಡೆಯುತ್ತಾ?"

"ಸಾರ್, ಯಾವ ಮನೆಗಾದ್ರೂ ಅಕ್ಕಪಕ್ಕದವರು..."

"ಊರ ಮನೆಗಳ ವಿಚಾರ ಬೇಡಮ್ಮ. ಇದು ನಡೆಯುತ್ತೋ, ಇಲ್ವೋ?"

ಗುಬ್ಬಿ ತಾಯಿಯ ಬೆರಳೊಂದನ್ನು ಹಿಡಿದು ತಿರುವುತ್ತಿತ್ತು. ನಿಲಯಕ್ಕೆ ಹೋದ ಎಷ್ಟೋ ಮಕ್ಕಳನ್ನು ಕಾರ್ಯಕರ್ತೆ ಕಂಡಿದ್ದಳು. ಹಾಗೆಯೇ ಬೇರೊಂದು ಮನೆಯಲ್ಲಿ ಮೂರ್ಛೆ ಬಂದು ಒಲೆಗೆ ಬಿದ್ದು ಸುಟ್ಟ ಒಂದು ಮುಖವನ್ನೂ ಕಂಡಿದ್ದಳು.

"ನಡೆಯುತ್ತೆ," ಎಂದಳು. "ಇಲ್ಲಿಗೆ ನಮ್ಮ ನೆರವು ಬೇಕಿಲ್ಲ."

ಮಗು ತಾಯಿಗೆ ಉಳಿಯಿತು. ಹೊರಗಿನ ಪಡಸಾಲೆಗೆ ಬಂದದ್ದೇ ಸೊಸೆ ಕಾರ್ಯಕರ್ತೆಯ ರಟ್ಟೆ ಹಿಡಿದಳು. "ಬೇಕಿಲ್ಲ ಅಂದ್ರಲ್ಲ ಅಕ್ಕ! ನಾನು ಬಿದ್ರೆ ಇವಳಿಗೆ ಯಾರು?"

"ಎದುರುಮನೆಯವರನ್ನ ಕರಿ."

"ಅವರು ಮಾತು ಬಿಟ್ಟು ವರ್ಷ ಆಯ್ತು."

"ನನ್ನಿಂದ ಬಿಟ್ಟರು. ನೀನೇ ಹೋಗಿ ಕರೀಬೇಕು. ನಾನು ಹೇಳಿ ಕಳಿಸಿದ್ರೆ ಅದೂ ಆಫೀಸಿನ ಕೆಲಸ ಆಗುತ್ತೆ."

"ಚೆನ್ನಾಗಿ ಕೈ ತೊಳ್ಕೊಂಡ್ರಿ," ಎಂದಳು ಅತ್ತೆ. ನಾಲ್ವರೂ ಒಟ್ಟಿಗೇ ಓಣಿಗೆ ಮರಳಿದರು.

ಓಣಿಯ ತಿರುವಿನಲ್ಲಿ ಕಾರ್ಯಕರ್ತೆ ನಿಂತಳು. ಅತ್ತೆ ಗುಬ್ಬಿಯ ಕೈ ಹಿಡಿದು ಒಳಗೆ ಹೋದಳು. ಸೊಸೆ ಮಾತ್ರ ಎರಡು ಬಾಗಿಲುಗಳ ನಡುವೆ, ಬೀದಿಯಲ್ಲಿ ನಿಂತುಬಿಟ್ಟಳು. ಒಮ್ಮೆ ತಿರುವಿನ ಕಡೆ ನೋಡಿದಳು. ಕಾರ್ಯಕರ್ತೆ ಕದಲಲಿಲ್ಲ, ಕಾಲ ಬೆರಳುಗಳು ಚಪ್ಪಲಿಯೊಳಗೆ ಬಿಗಿದಿದ್ದವು.

"ಅಕ್ಕಾ," ಎಂದು ಸೊಸೆ ಎದುರುಮನೆಗೆ ಕೂಗಿದಳು. ಯಾರೂ ಓಗೊಡಲಿಲ್ಲ. ಇನ್ನೊಮ್ಮೆ, ಗಂಟಲು ಹರಿಯುವಂತೆ: "ಅಕ್ಕಾ, ಒಂಚೂರು ಬರ್ತೀಯಾ?"

"ಈಗ ನೆನಪಾಯ್ತೇನೇ ನಾನು, ಮೂದೇವಿ!" ಒಳಗಿನಿಂದ ಬೈಗುಳ ಬಂತು. ಬೈಗುಳ ಮುಗಿಯುವಂತೆ ಕಾಣಲಿಲ್ಲ. ಒಂದರ ಹಿಂದೊಂದು, ವರ್ಷದ್ದೆಲ್ಲ ಸೇರಿ, ಹೊಸ್ತಿಲಿಗೆ ಹತ್ತಿರವಾಗುತ್ತ ಬಂತು.

ಕಾರ್ಯಕರ್ತೆ ಕೊರಳ ಕಾರ್ಡು ತೆಗೆದು ಚೀಲಕ್ಕೆ ಹಾಕಿಕೊಂಡು, ಬಸ್ಸಿನ ದಾರಿ ಹಿಡಿದಳು.