ಸಾಹೇಬರ ಕೈತುತ್ತು

ಮಹೇಂದ್ರ ಸಾಹೇಬರು ಬೆರಳು ನೆಕ್ಕುವುದನ್ನು ಒಮ್ಮೆ ಹತ್ತಿರದಿಂದ ನೋಡಿದವರಿಗೆ ಆಮೇಲೆ ಊಟ ಸೇರುವುದಿಲ್ಲ. ಹೆಬ್ಬೆರಳಿನಿಂದ ಶುರು ಮಾಡಿ ಕಿರುಬೆರಳಿನವರೆಗೆ ಒಂದೊಂದನ್ನೂ ಬಾಯೊಳಗೆ ಇಳಿಸಿ, ಚಪ್ಪರಿಸಿ, ಹೊರಗೆಳೆಯುತ್ತಾರೆ. ಅದೇ ಕೈಯನ್ನು ಎಲ್ಲರಿಗೂ ಸೇರಿದ ಕೋಳಿ ಸಾರಿನ ಪಾತ್ರೆಗೆ ಹಾಕಿ, ಒಳ್ಳೆಯ ತುಂಡು ಹುಡುಕಿ, ಎದುರಿಗೆ ಕೂತವನ ಎಲೆಗೆ ಇಡುತ್ತಾರೆ. ಮನಸ್ಸು ಬಂದರೆ ತಾವೇ ಅರ್ಧ ಕಚ್ಚಿ, ಬೆಂದಿದೆಯೆಂದು ಖಾತ್ರಿ ಮಾಡಿಕೊಂಡು ಇಡುತ್ತಾರೆ. ಅವರು ಮ್ಯಾನೇಜರ್ ಆಗಿರುವ ಪಂಪ್‌ಸೆಟ್ ಕಂಪನಿಯ ಮೈಸೂರು ಬ್ರಾಂಚಿನಲ್ಲಿ ಇದಕ್ಕೆ ಸಾಹೇಬರ ಪ್ರೀತಿ ಎಂದು ಹೆಸರು.

ತಿಂಗಳಿಗೊಂದು ಶನಿವಾರ ಸಂಜೆ ಆಫೀಸಿನವರೆಲ್ಲ ರಾಜೀವನಗರದ ಆಚೆಗಿನ ನಾಟಿ ಹೋಟೆಲಿಗೆ ಹೋಗುವುದು ರೂಢಿ. ಮುದ್ದೆ, ನಾಟಿ ಕೋಳಿ ಸಾರು, ಬೋಟಿ ಗೊಜ್ಜು. ಅದೇ ಆಫೀಸಿನ ಶಿವಪ್ರಕಾಶನಿಗೆ ಬಾಡೂಟ ಹೊಸದಲ್ಲ; ಅವನ ತಾಯಿ ಕೆಂಚಮ್ಮನ ಕೋಳಿ ಸಾರಿಗಾಗಿ ನೆಂಟರು ನೆಪ ಹುಡುಕಿಕೊಂಡು ಬರುತ್ತಿದ್ದರು. ಆದರೆ ಸೌಟಿಗೆ ಎಂಜಲು ಕೈ ತಾಕಿದರೆ ಆ ತಾಯಿ ಅದೇ ಸೌಟಿನಿಂದ ಮಗನ ಬೆನ್ನಿಗೆ ಬಾರಿಸುತ್ತಿದ್ದಳು. ಹಾಗೆ ಬೆಳೆದವನು ಕೆಲಸಕ್ಕೆ ಸೇರಿದಾಗಿನಿಂದ ಸಾಹೇಬರ ಎಂಜಲನ್ನು, ಥೂ, ನಗುತ್ತಾ ನುಂಗುತ್ತಿದ್ದ.

ಆಫೀಸಿನಲ್ಲಿ ಅವನ ಪಕ್ಕದ ಮೇಜಿನ ಬಸವರಾಜುವೂ ನುಂಗುತ್ತಿದ್ದ. ವಾಪಸು ಬರುವಾಗ ಬಸವರಾಜುವಿನ ಬೈಕಿನ ಮೇಲೆ ಇಬ್ಬರೂ ಸಾಹೇಬರನ್ನು ಬಾಯಿಗೆ ಬಂದಂತೆ ಬೈಯುವರು. ಬೈದು ಬೈದು ಹೊಟ್ಟೆ ಹಗುರ ಮಾಡಿಕೊಳ್ಳುವರು. ನಿಜ ಹೇಳಬೇಕೆಂದರೆ ಆ ಬೈಗುಳದಿಂದಲೇ ಅವರ ಸ್ನೇಹ ಗಟ್ಟಿಯಾಗಿತ್ತು.

ಈ ಸಲ ಊಟದ ಜೊತೆ ಇನ್ನೊಂದು ವಿಷಯವಿತ್ತು. ಕೊಳ್ಳೇಗಾಲದಲ್ಲಿ ಹೊಸ ಬ್ರಾಂಚು ತೆರೆಯುತ್ತಿದ್ದರು. ಅಲ್ಲಿಗೆ ಶಿವಪ್ರಕಾಶ ಹೋಗಬೇಕು, ಇಲ್ಲವೇ ಬಸವರಾಜು. ಯಾರೆಂದು ಊಟದ ಹೊತ್ತಿಗೆ ಹೇಳುವೆನೆಂದು ಸಾಹೇಬರು ಮೀಸೆಯಲ್ಲೇ ನಕ್ಕಿದ್ದರು. ಶಿವಪ್ರಕಾಶನ ಹೆಂಡತಿ ಸಿಂಚನ ತುಂಬು ಬಸುರಿ, ಸಿದ್ಧಾರ್ಥನಗರದ ಮನೆಯಲ್ಲಿ ಹಗಲೆಲ್ಲ ಒಬ್ಬಳೇ. ಅವಳನ್ನು ಬಿಟ್ಟು ಹೋಗುವ ಮಾತೇ ಅವನಿಗೆ ಬೇಡವಾಗಿತ್ತು. ಆದರೂ ಹೋಟೆಲಿನ ದಾರಿಯಲ್ಲಿ ಬಸವರಾಜು ಹೇಳಿದ್ದು ಅವನಿಗೆ ಹಿಡಿಸಿತು.

"ಇವತ್ತು ಇಬ್ರೂ ಅವನ ಎಂಜಲು ತಿನ್ನೋದು ಬೇಡ ಕಣೋ. ಒಟ್ಟಿಗೆ ಬೇಡ ಅಂದ್ಬುಟ್ರೆ ಏನ್ ಮಾಡ್ತಾನೆ? ಸಿಟ್ಟಿಗೆ ಇಬ್ರನ್ನೂ ಕೊಳ್ಳೇಗಾಲಕ್ಕೆ ಕಳ್ಸಕ್ಕಾಗಲ್ಲ."

ಸಾಹೇಬರು ಅಂದು ಒಳ್ಳೆಯ ಹುಮ್ಮಸ್ಸಿನಲ್ಲಿದ್ದರು. ದೊಡ್ಡದೊಂದು ಕಾಲು ಎತ್ತಿಕೊಂಡು ಕಚ್ಚಿ ಎಳೆದರು. ಸಾರೂ ಜೊಲ್ಲೂ ಬೆರೆತು ಒಂದು ಎಳೆ ಬಾಯಿಂದ ಮೂಳೆಯವರೆಗೆ ಉದ್ದಕ್ಕೆ ಜೋತಾಡಿ ತುಂಡಾಯಿತು. ಹಲ್ಲಿನ ಗುರುತಿದ್ದ ಆ ಕಾಲನ್ನು ತಂದು ಶಿವಪ್ರಕಾಶನ ಎಲೆಯ ನಡುವೆ, ಮುದ್ದೆಗೆ ಒತ್ತಿ ಇಟ್ಟರು. ಶಿವಪ್ರಕಾಶ ಎಲೆಯಿಂದ ಕೈ ಹಿಂದಕ್ಕೆಳೆದುಕೊಂಡ.

"ಬೇಡ ಸಾರ್. ನಂಗೆ ಎಂಜಲು ಸೇರಲ್ಲ" ಎಂದ. ದನಿ ಅವನಿಗೇ ಅಪರಿಚಿತವಾಗಿ ಕೇಳಿಸಿತು.

ಎಲ್ಲರೂ ಅಗಿಯುವುದನ್ನು ನಿಲ್ಲಿಸಿದರು. ಶಿವಪ್ರಕಾಶ ಬಸವರಾಜುವಿನ ಮುಖ ನೋಡಿದ. ಬಸವರಾಜು ತನ್ನ ಮುದ್ದೆಯನ್ನೇ ನೋಡುತ್ತಿದ್ದ. ಆಮೇಲೆ ಅವನ ಕೈ ಮೆಲ್ಲಗೆ ಚಾಚಿಕೊಂಡಿತು. ಶಿವಪ್ರಕಾಶನ ಎಲೆಯಿಂದ ಆ ಕಾಲನ್ನು ಎತ್ತಿಕೊಂಡಿತು.

"ಸಾರ್ ಪ್ರೀತಿಯಿಂದ ಕೊಟ್ಟಿದ್ದನ್ನ ಅಂಗೆಲ್ಲ ಬೇಡ ಅಂತಾರೇನೋ" ಎಂದು, ಸಾಹೇಬರ ಹಲ್ಲು ತಾಕಿದ್ದ ಕಡೆಯಿಂದಲೇ ಬಾಯಿ ಹಾಕಿದ. ಮಾಂಸ ಮುಗಿದ ಮೇಲೆ ಮೂಳೆ ಕಡಿದು ಒಳಗಿನದನ್ನೂ ಸೊರ್ರನೆ ಹೀರಿದ.

ಸಾಹೇಬರ ಮುಖ ಅರಳಿತು. ಹೆಬ್ಬೆರಳಿನಿಂದ ನೆಕ್ಕಲು ಶುರು ಮಾಡಿದರು. ಕಿರುಬೆರಳಿಗೆ ಬಂದು ಮುಟ್ಟಿದ ಮೇಲೆ, "ಕೊಳ್ಳೇಗಾಲ ಒಳ್ಳೆ ಊರು ಶಿವ. ಸೋಮವಾರ ಹೊರಟ್ಬುಡು" ಎಂದರು.

ಶಿವಪ್ರಕಾಶ ಎದ್ದು ಕೈ ತೊಳೆಯಲು ಹೋದ. ಹಿಂದೆಯೇ ಬಸವರಾಜು ಓಡಿಬಂದು, ತೊಟ್ಟಿಗೆ ಬಗ್ಗಿ, ಗಂಟಲಿಗೆ ಬೆರಳು ಹಾಕಿ ಎಲ್ಲವನ್ನೂ ಕಾರಿಕೊಂಡ. ಬೆನ್ನು ಸವರೋಣವೆಂದು ಶಿವಪ್ರಕಾಶನ ಕೈ ತಾನಾಗಿಯೇ ಮೇಲೆದ್ದಿತು.

ಬಸವರಾಜು ಬಾಯಿ ಒರೆಸಿಕೊಂಡು, ಎಂದಿನ ಸಲಿಗೆಯಲ್ಲೇ, "ಥೂ, ಎಂಥ ಗಲೀಜು ಮನುಷ್ಯ ಕಣೋ ಅವ್ನು. ಇರು, ಬೈಕ್ ತೆಗೀತೀನಿ, ದಾರೀಲಿ ಮಾತಾಡಣ" ಎಂದ.

ಶಿವಪ್ರಕಾಶ ಕೈ ಇಳಿಸಿದ. ನಲ್ಲಿ ತಿರುಗಿಸಿ, ಸೋಪು ಹಚ್ಚಿ, ತೊಳೆದ ಕೈಯನ್ನೇ ಇನ್ನೊಮ್ಮೆ ತೊಳೆದ. ಆಮೇಲೆ ಸಿದ್ಧಾರ್ಥನಗರದ ಕಡೆಗೆ ನಡೆದುಕೊಂಡೇ ಹೊರಟ.