ಜಿನ್ನಪ್ಪ ಮಾಸ್ತರರ ಹೆಸರಿನ ಹುಳ

ಬೇಡಕಿಹಾಳದ ಜಿನ್ನಪ್ಪ ಮಾಸ್ತರರು ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ಸಗಣಿ ಹುಳದ ಹುಚ್ಚು ಹಚ್ಚಿದವರೂ ಅವರೇ. ಮೊದಲ ಮಳೆ ಬಿದ್ದ ಮರುದಿನ ಕಬ್ಬಿನ ಹೊಲದ ಬದುವಿನಲ್ಲಿ ಎಮ್ಮೆ ಸಗಣಿ ಕಂಡರೆ ಸಾಕು, ಧೋತರ ಎತ್ತಿ ಕಟ್ಟಿ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದರು. ಊರವರು ನಗುತ್ತಿದ್ದರು. ನಗಲಿ ಬಿಡಿ, ಅಂಥ ಸುಖದ ಮುಂಜಾನೆಗಳು ನನಗೆ ಮತ್ತೆ ಸಿಕ್ಕಿಲ್ಲ. ಅವರ ಕಟ್ಟುನಿಟ್ಟು ಒಂದೇ: ಜೀವಂತ ಹುಳವನ್ನು ನೋಡಬೇಕು, ಬರೆದುಕೊಳ್ಳಬೇಕು, ಬಿಡಬೇಕು. ತಾನಾಗಿ ಸತ್ತದ್ದು ಮಾತ್ರ ಡಬ್ಬಿಗೆ. ಇಬ್ಬರದೂ ಜೈನರ ಮನೆ, ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಗೆ ಸತ್ತು ಸಿಕ್ಕಿದ್ದ ಒಂದು ಕರಿ ಹುಳ ಯಾವ ಪುಸ್ತಕದಲ್ಲೂ ಇರಲಿಲ್ಲ. ಅದರ ಮುಂಗಾಲೊಂದು ಮುರಿದಿತ್ತು. ಯಾವ ಜೀವವನ್ನೂ ತೆಗೆಯದೆ ಅದಕ್ಕೊಂದು ಹೆಸರಿಡಬೇಕು ಎಂಬುದು ಮಾಸ್ತರರ ಆಸೆ. ನಾನು ರಾಯಬಾಗದ ಕಾಲೇಜಿನಲ್ಲಿ ಪಾಠ ಹೇಳುವಷ್ಟು ದೊಡ್ಡವಳಾದ ಮೇಲೂ ಅವರು ಬೇರೇನೂ ಕೇಳಲಿಲ್ಲ.

ಹೊಸ ಹೆಸರಿಡುವಾಗ ಒಂದು ಹುಳವನ್ನು ಮಾದರಿ ಎಂದು ಆರಿಸಬೇಕು. ಹೆಸರು ಕೊನೆತನಕ ಆ ಒಂದೇ ದೇಹಕ್ಕೆ ಅಂಟಿಕೊಂಡಿರುತ್ತದೆ. ಕಾಲು ಮುರಿದದ್ದನ್ನು ತೋರಿಸಿದರೆ ವಿಜ್ಞಾನ ಪತ್ರಿಕೆಯವರು ಒಪ್ಪುತ್ತಾರೋ ಇಲ್ಲವೋ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಹೋದ ಮಳೆಗಾಲದಲ್ಲಿ ಮಾಸ್ತರರಿಗೆ ಹೇಳದೆ ಅದೇ ಹೊಲದಲ್ಲಿ ಗಟ್ಟಿಮುಟ್ಟಾದ ಇನ್ನೊಂದನ್ನು ಹಿಡಿದೆ, ಕೊಲ್ಲುವ ಔಷಧಿಯ ಬಾಟಲಿಗೆ ಹಾಕಿದೆ. ಅದನ್ನೇ ಮಾದರಿ ಮಾಡಿ ಅವರ ಹೆಸರಿಟ್ಟೆ. ಅವರ ಹುಳವನ್ನು ಜೊತೆಗಿನ ನಮೂನೆ ಎಂದು ಬರೆದೆ. ಅತಿ ಜಾಣತನ ನನ್ನದು.

ಅಚ್ಚಾದ ಲೇಖನವನ್ನು ಒಯ್ದು ಕೊಟ್ಟಾಗ ಅವರ ಕಣ್ಣು ತುಂಬಿತು. ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು. ಆಮೇಲೆ ಫೋಟೋ ನೋಡಿದರು.

"ಇದಕ್ಕ ಆರೂ ಕಾಲ ಅದಾವಲ್ಲ, ತ್ರಿಶಲಾ."

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬದಲಿಸಲು ಬರುತ್ತದೇನು ಎಂದು ಕೇಳಿದರು. ಇಲ್ಲ, ಅಚ್ಚಾದ ಮೇಲೆ ಹೆಸರಿಟ್ಟವರೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ಮಾದರಿಯನ್ನೂ ಬದಲಿಸುವಂತಿಲ್ಲ, ಅದು ನಿಯಮ ಎಂದೆ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಹೊತ್ತು ಮುಳುಗುವುದರೊಳಗೆ ಉಣ್ಣುವ ಮನೆ, ಅವರ ಹೆಂಡತಿ ಕಮಲಾಬಾಯಿ ನಮ್ಮಿಬ್ಬರಿಗೂ ತಾಟು ತಂದಿಟ್ಟರು.

"ನೀ ಹಿಡದಾಗ ಅದು ಏನ್ ಮಾಡಾಕತ್ತಿತ್ತು?" ಎಂದರು ಮಾಸ್ತರರು.

"ಸಗಣಿ ಉಂಡಿ ಉಳ್ಳಸಾಕತ್ತಿತ್ರಿ ಸರ್."

ಅವರು ತಮ್ಮ ತಾಟನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ ಹೆಂಡತಿಗೆ ಹೇಳಿದರು: "ನಂದು ಇವತ್ತ ಉಪವಾಸ. ತ್ರಿಶಲಾಗ ಬಡಸು."

ನಾನು ಉಂಡೆ. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ.