ರೇಷ್ಮೆಪಟ್ಟಿಯ ಮೇಲೆ ನನ್ನ ಹೊಟ್ಟೆಕಿಚ್ಚು

ನಾನು ಒಂದು ನಡುಕಟ್ಟು. ಕ್ರೈಸ್ತ ಗುರುಗಳು ಬಲಿಪೂಜೆಗೆ ಮುನ್ನ ಬಿಳಿ ನಿಲುವಂಗಿಯ ಮೇಲೆ ಬಿಗಿದುಕೊಳ್ಳುವ ಹತ್ತಿಯ ಹುರಿ. ಕನಕಪುರದ ಕಡೆಯ ಜ್ಞಾನಮ್ಮ ತನ್ನ ಮಗ ಚೌರಪ್ಪ ಗುರುವಾಗುವ ದಿನಕ್ಕೆಂದು ತೊಡೆಯ ಮೇಲೆ ನೂಲು ಹೊಸೆದು ನನ್ನನ್ನು ಮಾಡಿದಳು.

ಫಾದರ್ ಚೌರಪ್ಪ ದಿನವೂ ನನ್ನನ್ನು ಕಟ್ಟಿಕೊಳ್ಳುವಾಗ, "ಪ್ರಭುವೇ, ನನ್ನ ನಡುವನ್ನು ಶುದ್ಧತೆಯಿಂದ ಬಿಗಿ" ಎಂದು ಪ್ರಾರ್ಥಿಸುತ್ತಿದ್ದರು. ಮನಸ್ಸಿನ ಹತೋಟಿಗೆ ನಾನು ಗುರುತು. ಸೇವೆಗೆ ಸೊಂಟ ಕಟ್ಟಿ ನಿಂತದ್ದಕ್ಕೂ ಗುರುತು.

ಎಂಟು ವರ್ಷ ಅವರ ಸೊಂಟ ನನ್ನದೇ ಆಗಿತ್ತು. ಆಮೇಲೆ ಊರಿನ ಸಿರಿವಂತರೊಬ್ಬರು ಜರಿಯ ಶಿಲುಬೆಯಿದ್ದ ಕೆನೆಬಣ್ಣದ ರೇಷ್ಮೆಪಟ್ಟಿ ತಂದುಕೊಟ್ಟರು. ಕ್ರಿಸ್ಮಸ್, ಈಸ್ಟರ್, ಊರಹಬ್ಬ ಎಲ್ಲವೂ ಅದರ ಪಾಲಾದವು. ಗೂಟದಲ್ಲಿ ನೇತಾಡುತ್ತಾ ನಾನು ಹೊರಗಿನ ಹಾಡು ಕೇಳುತ್ತಿದ್ದೆ. ಆ ರೇಷ್ಮೆಗೆ ಜಿರಲೆ ಹತ್ತಲಿ ಎಂದು ಶಪಿಸಿದ್ದೂ ಉಂಟು.

ಒಂದು ಭಾನುವಾರ ಇನ್ನಾಸಪ್ಪ ಎಂಬಾತ, ಹದಿನಾರರ ಮಗಳ ಮದುವೆ ನಡೆಸಲು ಫಾದರ್ ಒಪ್ಪಲಿಲ್ಲವೆಂದು, ಚರ್ಚಿನ ಬಾಗಿಲಲ್ಲೇ ಅವರ ಕೆನ್ನೆಗೆ ಹೊಡೆದ. ಫಾದರ್ ಒಳಗೆ ಬಂದು ನನ್ನನ್ನು ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು.

"ಪೊಲೀಸ್ರಿಗೆ ಹೇಳೋಣ ಸ್ವಾಮಿ," ಎಂದ ಚರ್ಚಿನ ಸೇವಕ ಅಂತೋಣಪ್ಪ.

"ಇರಪ್ಪ. ಮೊದ್ಲು ನನ್ ಕೋಪ ಇಳೀಲಿ."

ಪೂಜೆ ಮುಗಿಸಿ ಅವರು ಇನ್ನಾಸಪ್ಪನ ಮನೆಗೇ ಹೋದರು. ಮಾರನೆಯ ವಾರ ಹುಡುಗಿ ಮತ್ತೆ ಸ್ಕೂಲಿಗೆ ಹೊರಟಳೆಂದು ಕೇಳಿದೆ. ಆ ಕೋಪ ನನ್ನ ಗಂಟಿನಲ್ಲಿ ಇಳಿದದ್ದು ರೇಷ್ಮೆಗೆ ಗೊತ್ತಿಲ್ಲ ಎಂದು ಹೆಮ್ಮೆಪಟ್ಟೆ.

ಐವತ್ತೆಂಟಕ್ಕೇ ಫಾದರ್ ಎದೆನೋವಿನಿಂದ ತೀರಿಕೊಂಡರು. ದೇಹಕ್ಕೆ ಪೂಜಾವಸ್ತ್ರ ತೊಡಿಸುವಾಗ ಒಬ್ಬರ ಕೈ ನನ್ನತ್ತ ಚಾಚಿತು.

"ಅದು ಹಳೇದು. ಎಲ್ರೂ ನೋಡ್ತಾರೆ, ರೇಷ್ಮೇದೇ ಕಟ್ಟಿ," ಎಂದ ಅಂತೋಣಪ್ಪ ಅಳುತ್ತಾ. ಪ್ರೀತಿಯಿಂದಲೇ ಅಂದ ಮಾತದು. ಆದರೂ ಅವನನ್ನು ನಾನು ಕ್ಷಮಿಸಿಲ್ಲ.

ಈಗ ಹೊಸ ಫಾದರ್ ನನ್ನನ್ನು ಕಟ್ಟಿಕೊಳ್ಳುತ್ತಾರೆ. ಅವರ ನಡು ಸಣ್ಣದು, ನನ್ನ ತುದಿಗಳು ಮೊಣಕಾಲು ದಾಟುತ್ತವೆ. ಕಳೆದ ನವೆಂಬರಿನಲ್ಲಿ, ಸತ್ತವರನ್ನು ನೆನೆಯುವ ದಿನ, ಅವರು ಚೌರಪ್ಪನವರ ಸಮಾಧಿಯ ಮುಂದೆ ಮಂಡಿಯೂರಿದರು. ನನ್ನ ತುದಿ ಮಣ್ಣಿಗೆ ತಾಗಿತು. ಕೆಳಗೆ ಆ ರೇಷ್ಮೆ ಕೊಳೆಯುತ್ತಿರಬಹುದು, ನೂಲು ನೂಲಾಗಿ, ಅವರ ಮೂಳೆಗಂಟಿಕೊಂಡು. ನಾನು ಗಟ್ಟಿಯಾಗಿದ್ದೇನೆ. ಅದೇ ನನಗೆ ಸಹಿಸಲಾಗದ್ದು.